ಎಪ್ಪತ್ನಾಲ್ಕಕ್ಕೆ ಹರ್ನಿಯಾ ಆಪರೇಷನ್ ಬೇಕಾ?

ಪ್ರಶ್ನೆ: ನನಗೆ 74 ವರ್ಷ. ಬಲಗಡೆ ತೊಡೆಸಂದಿನಲ್ಲಿ ಎರಡು ವರ್ಷದಿಂದ ನಿಂಬೆಹಣ್ಣಿನಷ್ಟು ಗಂಟು. ಮಲಗಿದರೆ ಒಳಗೆ ಹೋಗುತ್ತದೆ. ಹುಲ್ಲಿನ ಹೊರೆ ಎತ್ತಿದರೆ, ಕೆಮ್ಮಿದರೆ ಹೊರಗೆ ಬರುತ್ತದೆ. ಈಚೆಗೆ ಸಂಜೆ ಹೊತ್ತು ಎಳೆದಂತೆ ನೋವು. ಹೃದಯಕ್ಕೆ ಸ್ಟೆಂಟ್ ಹಾಕಿ ಮೂರು ವರ್ಷವಾಯಿತು, ರಕ್ತ ತೆಳುವಾಗುವ ಮಾತ್ರೆ ಇದೆ. ಮಗ ಆಪರೇಷನ್ ಅಂತಾನೆ. ಭಾವಮೈದ, ಈ ವಯಸ್ಸಲ್ಲಿ ಯಾಕೆ, ಬೆಲ್ಟ್ ಸಾಕು ಅಂತಾರೆ. ಏನು ಮಾಡಲಿ ಡಾಕ್ಟ್ರೇ?
– ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮದು ಹರ್ನಿಯಾ. ಹೊಟ್ಟೆಯ ಗೋಡೆ ಸಡಿಲವಾದ ಕಡೆ ಒಳಗಿನ ಕರುಳು ಹೊರಗೆ ತಳ್ಳಿಕೊಂಡು ಬರುವುದು. ನಿಮ್ಮ ಭಾವಮೈದನ ಮಾತು ನಮ್ಮಪ್ಪನದೂ ಆಗಿತ್ತು. ಮದ್ದೂರು ಕಡೆಯ ರೈತರು. ಮಗ ಮೈಸೂರಿನಲ್ಲಿ ಸರ್ಜನ್, ಅಪ್ಪ ಪಂಚೆಯೊಳಗೆ ಬೆಲ್ಟ್ ಕಟ್ಟಿಕೊಂಡು ಆರು ವರ್ಷ ನನಗೇ ತಿಳಿಯದ ಹಾಗೆ ಓಡಾಡಿದರು! ಒಂದು ರಾತ್ರಿ ಗಂಟು ಒಳಗೆ ಹೋಗಲಿಲ್ಲ. ಕಲ್ಲಿನಂತೆ ಗಟ್ಟಿಯಾಯಿತು, ವಾಂತಿ ಶುರುವಾಯಿತು. ಮೈಸೂರಿಗೆ ತರುವಷ್ಟರಲ್ಲಿ ಬೆಳಗಾಗಿತ್ತು. ಸಿಕ್ಕಿಕೊಂಡ ಕರುಳಿಗೆ ರಕ್ತ ನಿಂತು ಒಂದು ಗೇಣು ಕಪ್ಪಾಗಿತ್ತು. ಅಷ್ಟನ್ನೂ ಕತ್ತರಿಸಿ ಜೋಡಿಸಬೇಕಾಯಿತು. ಬದುಕಿದರು, ಆದರೆ ಮತ್ತೆ ಗದ್ದೆಗೆ ಇಳಿಯಲಿಲ್ಲ.

ಎಲ್ಲರಿಗೂ ಹೀಗಾಗುತ್ತದೆ ಎಂದು ಹೆದರಿಸಲಾರೆ. ತೊಂದರೆ ಕೊಡದ ಹರ್ನಿಯಾ ಇದ್ದ ಗಂಡಸರನ್ನು ಉತ್ತರ ಅಮೆರಿಕದಲ್ಲಿ ಆಪರೇಷನ್ ಮಾಡದೆ ಗಮನಿಸುತ್ತಾ ಹೋದರು. 2006ರಲ್ಲಿ ಬಂದ ಲೆಕ್ಕದಂತೆ, ಹೀಗೆ ಸಿಕ್ಕಿಕೊಂಡದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗೂ ಕಡಿಮೆ. ಆದರೆ ಹತ್ತು ವರ್ಷದಲ್ಲಿ, 65 ದಾಟಿದವರ ಪೈಕಿ ಹತ್ತರಲ್ಲಿ ಸುಮಾರು ಎಂಟು ಮಂದಿ ತಾವೇ ಬಂದು ಆಪರೇಷನ್ ಮಾಡಿಸಿಕೊಂಡರು. ಹೆಚ್ಚಿನವರಿಗೆ ಕಾರಣ ನೋವು. ನಿಮಗೂ ಅದೇ ಶುರುವಾಗಿದೆ ಅಲ್ವಾ? ಮಾಡಿಸಿಕೊಳ್ಳಿ. (ವಯಸ್ಸಾದ ಹೆಂಗಸರಿಗೆ ತೊಡೆಸಂದಿನಲ್ಲಿ ಗಂಟು ಬಂದರೆ ಕಾಯುವ ಮಾತೇ ಬೇಡ. ಅವರಲ್ಲಿ ಅದು ಬೇಗ ಸಿಕ್ಕಿಕೊಳ್ಳುವ ಜಾತಿಯದಾಗಿರಬಹುದು.)

ಬೆಲ್ಟ್ ಎಂದರೆ ನಾಲೆ ಏರಿ ಸೋರುವಲ್ಲಿ ಅಂಗೈ ಒತ್ತಿ ಹಿಡಿದಂತೆ. ಕೈ ತೆಗೆದರೆ ನೀರು. ಆಪರೇಷನ್‌ನಲ್ಲಿ ಆ ಏರಿಗೆ ಮೆಶ್ ಹಾಕುತ್ತೇವೆ. ಸೊಳ್ಳೆಪರದೆಯಂತೆ ಕಾಣುವ, ಪಾಲಿಪ್ರೊಪಿಲೀನ್ ದಾರದ ಬಲೆ. ತೊಡೆಸಂದಿನಲ್ಲಿ ಕೊಯ್ದು ಮೆಶ್ ಹಾಕುವ, ಲಿಕ್ಟನ್‌ಸ್ಟೈನ್ ಎಂಬ ಸರ್ಜನ್ 1980ರ ದಶಕದಲ್ಲಿ ರೂಢಿಗೆ ತಂದ ವಿಧಾನವನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿಯಲ್ಲಿ ಗಾಯ ಚಿಕ್ಕದು, ಆದರೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಸ್ಟೆಂಟ್ ಇರುವ ನಿಮಗೆ ನನ್ನ ಆಯ್ಕೆ ಮೊದಲನೆಯದು.

ನೀವು ಬರೆಯದೆ ಬಿಟ್ಟದ್ದು ಎರಡಿದೆ. ಮೂತ್ರಕ್ಕೆ ತಿಣುಕಬೇಕಾಗುತ್ತದೆಯೇ? ಬೀಡಿ ಇದೆಯೇ? ಪ್ರಾಸ್ಟೇಟ್ (ಗಂಡಸರ ಮೂತ್ರನಾಳದ ಸುತ್ತಲಿನ ಗ್ರಂಥಿ) ಊದಿದ್ದರೆ ಮೊದಲು ಅದಕ್ಕೆ ಔಷಧಿ. ಇಲ್ಲವಾದರೆ ಆಪರೇಷನ್ ದಿನ ರಾತ್ರಿ ಮೂತ್ರ ಕಟ್ಟಿ ಒದ್ದಾಡುತ್ತೀರಿ. ಬೀಡಿ ಇವತ್ತೇ ಬಿಡಿ. ಮಲಬದ್ಧತೆ ಇದ್ದರೂ ಹೇಳಿ. ಕೆಮ್ಮಿದರೂ ತಿಣುಕಿದರೂ ಏರಿಯ ಮೇಲೆ ಒತ್ತಡ ಬೀಳುತ್ತದೆ. ರಕ್ತದ ಮಾತ್ರೆಯನ್ನು ಮಾತ್ರ ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ಅದನ್ನು ಹೃದಯದ ಡಾಕ್ಟರು ಹೇಳಬೇಕು.

ಅಷ್ಟರೊಳಗೆ ಗಂಟು ಗಟ್ಟಿಯಾಗಿ, ನೋವು ಜಾಸ್ತಿಯಾಗಿ ಒಳಗೆ ಹೋಗದಿದ್ದರೆ ಒತ್ತಿ ತುರುಕಬೇಡಿ, ಊಟ ಮಾಡಬೇಡಿ. ಎಷ್ಟು ಹೊತ್ತಾಗಿದ್ದರೂ ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೊರಡಿ.

ಆಪರೇಷನ್ ಆದ ದಿನ ಸಂಜೆಯೇ ಎದ್ದು ಓಡಾಡಬಹುದು. ಹುಲ್ಲಿನ ಹೊರೆ ಮಾತ್ರ ಆರು ವಾರ ಮಗ ಹೊರಲಿ. ಬೇಕಾದರೆ ಭಾವಮೈದನ ತಲೆಗೂ ಒಂದೆರಡು ಹೊರಿಸಿ.