ಪಿಜಿಯಲ್ಲಿ ತಿಗಣೆ ಕಾಟ, ಮೂರು ಡಬ್ಬಿ ಸ್ಪ್ರೇ ಹೊಡೆದರೂ ಹೋಗುತ್ತಿಲ್ಲ. ರೂಮ್ ಬದಲಿಸುವುದೊಂದೇ ದಾರಿಯಾ?

ಬದಲಿಸಬೇಡಿ, ಸದ್ಯಕ್ಕಂತೂ ಬೇಡ. ಬೆಂಗಳೂರಿನ ಪಿಜಿ, ತ್ರೀ ಶೇರಿಂಗ್ ರೂಮ್, ಮುಂದಿನ ತಿಂಗಳು ಸೆಮಿಸ್ಟರ್ ಪರೀಕ್ಷೆ, ರಾತ್ರಿಯಿಡೀ ಕೆರೆತ, ಅದರ ಮೇಲೆ "ನೀನೇ ಊರಿಂದ ಬ್ಯಾಗಲ್ಲಿ ತಂದಿರ್ತೀಯ" ಅನ್ನುವ ಓನರ್. ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ನಾನು ಕೃಷಿ ಪದವಿ ಓದಿದವನು. ಓದುವಾಗಲೂ, ಆಮೇಲೆ ಕೆಲಸ ಹುಡುಕುವಾಗಲೂ ಪಿಜಿಗಳಲ್ಲೇ ಕಾಲ ಹಾಕಿದವನು. ತಿಗಣೆಯನ್ನು ಕೀಟಶಾಸ್ತ್ರದ ಪುಸ್ತಕದಲ್ಲಿ ನೋಡಿದ್ದಕ್ಕಿಂತ ಹಾಸಿಗೆಯಲ್ಲಿ ನೋಡಿದ್ದೇ ಹೆಚ್ಚು.

ಮೊದಲು ಓನರ್ ಮಾತನ್ನು ತಲೆಯಿಂದ ತೆಗೆದುಹಾಕಿ. ತಿಂಗಳಿಗೊಮ್ಮೆ ಜನ ಬದಲಾಗುತ್ತಾರೆ, ಹಾಸಿಗೆ ಮಾತ್ರ ಅದೇ ಇರುತ್ತದೆ. ಅಂಥ ಕಟ್ಟಡದಲ್ಲಿ ಯಾರು ತಂದರು ಎಂದು ಬ್ರಹ್ಮನೂ ಹೇಳಲಾರ. ಸ್ಲೀಪರ್ ಬಸ್ಸಿನಿಂದ ಬರಬಹುದು, ಸೆಕೆಂಡ್ ಹ್ಯಾಂಡ್ ಮಂಚದ ಜೊತೆ ಬರಬಹುದು, ಪಕ್ಕದ ರೂಮಿನಿಂದ ಗೋಡೆಯ ಬಿರುಕಿನಲ್ಲಿ ನಡೆದುಕೊಂಡೇ ಬರಬಹುದು. ಕೊಳಕಿಗೂ ಇದಕ್ಕೂ ಸಂಬಂಧವಿಲ್ಲ. ಇದು ತಿನ್ನುವುದು ರಕ್ತವನ್ನು, ನೀವು ಚೆಲ್ಲಿದ ಚಿತ್ರಾನ್ನವನ್ನಲ್ಲ. 2023ರಲ್ಲಿ ಪ್ಯಾರಿಸ್ ನಗರವೇ ತಿಗಣೆ ತಿಗಣೆ ಎಂದು ಬೊಬ್ಬೆ ಹಾಕಿದ್ದು ನೆನಪಿರಬಹುದು. ಆದ್ದರಿಂದ ನಾಚಿಕೆ ಬಿಟ್ಟು ರೂಮ್‌ಮೇಟ್‌ಗಳಿಗೆ, ಅಕ್ಕಪಕ್ಕದ ರೂಮಿನವರಿಗೆ ಇವತ್ತೇ ಹೇಳಿ. "ನನಗೇನೂ ಕಚ್ಚಿಲ್ಲ" ಅನ್ನುವವರ ಮಾತು ನಂಬಬೇಡಿ, ಅವರು ಸುಳ್ಳು ಹೇಳುತ್ತಾರೆಂದಲ್ಲ, ಕೆಲವರ ಚರ್ಮಕ್ಕೆ ಕಚ್ಚಿದ ಗುರುತೇ ಏಳುವುದಿಲ್ಲ.

ತಿಗಣೆಯೇ ಹೌದಾ ಎಂದು ಖಚಿತ ಮಾಡಿಕೊಳ್ಳಿ. ಮೈಮೇಲಿನ ದದ್ದು ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ, ಸೊಳ್ಳೆಯದೂ ಹಾಗೇ ಕಾಣಿಸುತ್ತದೆ. ಬೆಂಗಳೂರಿನ ಪಿಜಿ ಮಂಚಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಚೌಕ ಕಬ್ಬಿಣದ ಪೈಪಿನ ಚೌಕಟ್ಟು, ಅದರ ಮೇಲೊಂದು ಪ್ಲೈವುಡ್ ಹಲಗೆ, ಹಲಗೆಯ ಮೇಲೆ ತೆಂಗಿನ ನಾರಿನ ಹಾಸಿಗೆ. ಎಲ್ಲರೂ ಹಾಸಿಗೆಯನ್ನು ಮಗುಚಿ ನೋಡಿ ಏನೂ ಇಲ್ಲ ಎಂದು ಮಲಗುತ್ತಾರೆ. ಹಲಗೆ ಎತ್ತಿ. ಹಲಗೆಯೂ ಕಬ್ಬಿಣವೂ ಕೂಡುವ ಆ ಸಂದಿಯೇ ಅವುಗಳ ಊರು. ಅಲ್ಲಿ ಬಾಲ್‌ಪೆನ್ನಿನಿಂದ ಚುಕ್ಕಿ ಇಟ್ಟಂತೆ ಕಪ್ಪು ಕಲೆಗಳಿರುತ್ತವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹರಡುತ್ತವೆ, ಅದು ಅವುಗಳ ಹಿಕ್ಕೆ. ಜೊತೆಗೆ ತಿಳಿಕಂದು ಬಣ್ಣದ ಕಳಚಿದ ಪೊರೆ, ಅಂಟಿಕೊಂಡ ಬಿಳಿ ಮೊಟ್ಟೆ. ಮೊಟ್ಟೆ ಒಂದು ಮಿಲಿಮೀಟರ್ ಇರುತ್ತದೆ ಅಷ್ಟೇ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಬೆಳೆದ ತಿಗಣೆ ಐದರಿಂದ ಏಳು ಮಿಲಿಮೀಟರ್. ಹಾಸಿಗೆಯ ಅಂಚಿನ ಹೊಲಿಗೆ, ಮಂಚದ ಪೈಪಿನ ತೆರೆದ ಬಾಯಿ, ತಲೆಯ ಬಳಿಯ ಸ್ವಿಚ್‌ಬೋರ್ಡ್, ಗೋಡೆಯ ಮೊಳೆ ಕಿತ್ತ ತೂತು, ಕ್ಯಾಲೆಂಡರಿನ ಹಿಂಭಾಗ ಇವನ್ನೂ ನೋಡಿ. ಸಿಕ್ಕಿದ್ದನ್ನು ಉಗುರಲ್ಲಿ ಹೊಸಕಬೇಡಿ, ಆ ವಾಸನೆ ಬೆರಳಿಂದ ಬೇಗ ಹೋಗುವುದಿಲ್ಲ. ಪಾರ್ಸಲ್‌ಗೆ ಅಂಟಿಸುವ ಅಗಲ ಟೇಪಿನಲ್ಲಿ ಒತ್ತಿ ಎತ್ತಿಬಿಡಿ. ಆ ಟೇಪನ್ನು ಇಟ್ಟುಕೊಳ್ಳಿ, ಓನರ್‌ಗೆ ತೋರಿಸಲು ಬೇಕಾಗುತ್ತದೆ.

ಇನ್ನು ಸ್ಪ್ರೇ. ಅಂಗಡಿಯಲ್ಲಿ ಸಿಗುವ ಜಿರಳೆ ಸ್ಪ್ರೇಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಪೈರೆಥ್ರಾಯ್ಡ್ ಗುಂಪಿನ ವಿಷ. ತಿಗಣೆಗಳು ಇದಕ್ಕೆ ಪ್ರಪಂಚದ ಎಲ್ಲೆಡೆ ಒಗ್ಗಿಹೋಗಿವೆ. ಡಿಡಿಟಿಗೂ ಹೀಗೇ ಆಗಿತ್ತು: ಎರಡನೇ ಮಹಾಯುದ್ಧದ ಹೊತ್ತಿಗೆ ರಾಮಬಾಣ ಎನಿಸಿದ್ದು, ಕೆಲವೇ ವರ್ಷಗಳಲ್ಲಿ ಅದನ್ನು ಜೀರ್ಣಿಸಿಕೊಂಡ ತಿಗಣೆಗಳು ಕಾಣಿಸಿಕೊಂಡವು. ಅದೂ ಅಲ್ಲದೆ ಸ್ಪ್ರೇ ಮೊಟ್ಟೆಯನ್ನು ಸರಿಯಾಗಿ ಮುಟ್ಟುವುದಿಲ್ಲ. ಇವತ್ತು ಎಂಟು ಸತ್ತವು ಎಂದು ನೀವು ಖುಷಿಪಡುತ್ತೀರಿ, ವಾರ ಹತ್ತು ದಿನದಲ್ಲಿ ಮೊಟ್ಟೆಯೊಡೆದು ಮತ್ತೊಂದು ತಂಡ ಬರುತ್ತದೆ. ಬದುಕಿದವು ಘಾಟು ತಾಳದೆ ಪಕ್ಕದ ಮಂಚಕ್ಕೋ ಸ್ವಿಚ್‌ಬೋರ್ಡಿಗೋ ಹಬ್ಬುತ್ತವೆ. ಕೋಣೆ ಮುಚ್ಚಿ ಹೊಗೆ ಬಿಡುವ ಫಾಗರ್ ಡಬ್ಬಿಗಳೂ ಅಷ್ಟೇ, ಹೊಗೆ ಸಂದಿಯೊಳಕ್ಕೆ ಹೋಗುವುದಿಲ್ಲ. ನಿಮ್ಮ ಮೂರು ಡಬ್ಬಿಯ ದುಡ್ಡು ಹೋಯಿತು, ನಾಲ್ಕನೆಯದು ತರಬೇಡಿ.

ತಿಗಣೆಗೆ ತಡೆಯಲಾಗದ್ದು ಬಿಸಿ. ಸುಮಾರು 50 ಡಿಗ್ರಿ ದಾಟಿದರೆ ದೊಡ್ಡವು ಬೇಗನೆ ಸಾಯುತ್ತವೆ, ಮೊಟ್ಟೆಗೆ 55ರ ಆಸುಪಾಸು ಬೇಕು. ಹಿಂದೆ ಹಳ್ಳಿಗಳಲ್ಲಿ ಮಂಚವನ್ನು ಅಂಗಳಕ್ಕೆ ತಂದು ಸಂದಿಗಳಿಗೆ ಹಂಡೆಯ ಕುದಿನೀರು ಸುರಿಯುತ್ತಿದ್ದರಲ್ಲ, ಅದರ ಹಿಂದಿನ ವಿಜ್ಞಾನ ಇಷ್ಟೇ, ಮತ್ತು ಇವತ್ತಿಗೂ ಪಿಜಿಯ ಕಬ್ಬಿಣದ ಮಂಚಕ್ಕೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ. ಮಂಚವನ್ನು ಟೆರೇಸಿಗೆ ಸಾಗಿಸಿ, ಹಲಗೆ ಬಿಚ್ಚಿ, ಪೈಪಿನ ಬಾಯಿಯೊಳಕ್ಕೆ ಕುದಿಯುವ ನೀರು ಹೊಯ್ಯಿರಿ. ಗೀಸರ್ ನೀರು ಸಾಲದು, ಟೆರೇಸ್ ಹತ್ತುವಷ್ಟರಲ್ಲಿ ಇನ್ನೂ ಆರಿರುತ್ತದೆ. ಅಡುಗೆಯವರನ್ನು ಒಲಿಸಿಕೊಂಡರೆ ದೊಡ್ಡ ಪಾತ್ರೆಯಲ್ಲಿ ಕಾಯಿಸಿಕೊಡುತ್ತಾರೆ. ಪಿಜಿಯಲ್ಲಿ ಕೆಟಲ್ ನಿಷೇಧ, ಆದರೂ ಪ್ರತಿ ರೂಮಿನಲ್ಲೂ ಒಂದು ಇರುತ್ತದೆ, ಅದೂ ಆಗುತ್ತದೆ. ಕೈಕಾಲು ಸುಟ್ಟುಕೊಳ್ಳಬೇಡಿ, ರೂಮಿನೊಳಗೆ ಪ್ಲಗ್ ಪಾಯಿಂಟ್ ಹತ್ತಿರ ನೀರಿನ ಸಾಹಸ ಬೇಡವೇ ಬೇಡ.

ಬಟ್ಟೆ, ಬೆಡ್‌ಶೀಟ್, ದಿಂಬಿನ ಕವರ್‌ಗಳಿಗೆ 60 ಡಿಗ್ರಿಯ ವಾಶ್, ಇಲ್ಲವೇ ಲಾಂಡ್ರಿಯ ಡ್ರೈಯರ್‌ನಲ್ಲಿ ಹೆಚ್ಚಿನ ಬಿಸಿಯಲ್ಲಿ ಅರ್ಧ ಗಂಟೆ. ಡ್ರೈಯರ್ ಇನ್ನೂ ಒಳ್ಳೆಯದು, ಒಗೆದಿರುವ ಬಟ್ಟೆಯನ್ನೂ ಹಾಗೇ ಹಾಕಬಹುದು. ಹಾಸಿಗೆಯ ಹೊಲಿಗೆಗೆ ಸ್ಟೀಮ್ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಎಳೆಯಿರಿ. ಬರೀ ಬಿಸಿಲಿಗೆ ಹಾಕಿದರೆ ಸಾಕಾ ಎಂದು ಕೇಳಿದ್ದೀರಿ. ಕಲಬುರಗಿಯ ಏಪ್ರಿಲ್ ಬಿಸಿಲಾದರೆ ಸ್ವಲ್ಪ ನಂಬಬಹುದೇನೋ. ಬೆಂಗಳೂರಿನ ಬಿಸಿಲು ಹಾಸಿಗೆಯ ಮೇಲ್ಮೈಯನ್ನಷ್ಟೇ ಕಾಯಿಸುತ್ತದೆ, ತಿಗಣೆಗಳು ಸುಮ್ಮನೆ ನೆರಳಿನ ಬದಿಗೆ ಸರಿದು ಕೂರುತ್ತವೆ.

ಇಷ್ಟಾದ ಮೇಲೆ ಮಂಚವನ್ನು ದ್ವೀಪ ಮಾಡಿ. ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ, ಹೊದಿಕೆ ನೆಲಕ್ಕಾಗಲಿ ಗೋಡೆಗಾಗಲಿ ತಾಗದಿರಲಿ, ಮಂಚದ ಕೆಳಗೆ ಸೂಟ್‌ಕೇಸ್ ತುರುಕಬೇಡಿ. ಹಿಂದಿನ ಮನೆಗಳಲ್ಲಿ ಇರುವೆ ಹತ್ತದಂತೆ ಆಹಾರದ ಬೀರುವಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಿದ್ದ ಹಾಗೆ, ಮಂಚದ ನಾಲ್ಕೂ ಕಾಲಿಗೆ ಸೋಪು ಬೆರೆಸಿದ ನೀರಿನ ಡಬ್ಬಿ ಇಡಿ. ಆನ್‌ಲೈನಿನಲ್ಲಿ ಸಿಗುವ ನುಣುಪು ಗೋಡೆಯ ಒಣ ಬಟ್ಟಲುಗಳಿಗೆ ದುಡ್ಡು ಸುರಿಯಬೇಡಿ; ನಮ್ಮಂಥ ಬಿಸಿನಾಡಿನ ತಿಗಣೆ, ಚಳಿನಾಡಿನ ತನ್ನ ದಾಯಾದಿಗಿಂತ ನುಣುಪು ಗೋಡೆ ಹತ್ತುವುದರಲ್ಲಿ ಗಟ್ಟಿಗ. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ, ಇಲ್ಲದಿದ್ದರೆ ತಿಗಣೆ ಓಡಿಸಿ ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ. (ಬಾಲ್ಕನ್ ದೇಶಗಳಲ್ಲಿ ಹಿಂದೆ ಹುರುಳಿಕಾಯಿ ಗಿಡದ ಎಲೆಗಳನ್ನು ರಾತ್ರಿ ನೆಲದ ಮೇಲೆ ಹರಡಿ, ಬೆಳಿಗ್ಗೆ ತಿಗಣೆ ಸಮೇತ ಗುಡಿಸಿ ಸುಡುತ್ತಿದ್ದರಂತೆ. ಎಲೆಯ ಮೇಲಿನ ಕೊಕ್ಕೆ ರೋಮಗಳು ತಿಗಣೆಯ ಕಾಲಿಗೆ ಚುಚ್ಚಿ ಹಿಡಿದುಬಿಡುತ್ತವೆ ಎಂದು 2013ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಪಿಜಿಯಲ್ಲಿ ಆಗುವ ಮಾತಲ್ಲ, ಆದರೆ ನನಗೆ ಬಹಳ ಇಷ್ಟವಾದ ಸಂಗತಿ.)

ಮತ್ತು ಅದೇ ಮಂಚದಲ್ಲೇ ಮಲಗಿ. ಕೇಳಲು ಕ್ರೂರವಾಗಿದೆ, ಗೊತ್ತು. ನಿಮ್ಮ ಉಸಿರು ಮತ್ತು ಮೈಬಿಸಿಯೇ ಅವುಗಳಿಗೆ ದಾರಿದೀಪ. ನೀವು ಗೆಳೆಯನ ರೂಮಿಗೆ ಹಾರಿದರೆ ಬ್ಯಾಗಿನಲ್ಲಿ ನಾಲ್ಕು ಜೊತೆಗೆ ಹೋಗುತ್ತವೆ, ಉಳಿದವು ಹಸಿದು ಪಕ್ಕದವರ ಮಂಚ ಹುಡುಕುತ್ತವೆ. ರೂಮ್ ಖಾಲಿಬಿಟ್ಟು ಹಸಿವಿನಿಂದ ಸಾಯಿಸುತ್ತೇನೆ ಎನ್ನುವುದೂ ಆಗದ ಕೆಲಸ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಸಮಾಧಾನದ ವಿಷಯವೆಂದರೆ ಇವು ಸೊಳ್ಳೆಯಂತೆ ರೋಗ ಹರಡುತ್ತವೆ ಎಂಬುದಕ್ಕೆ ಆಧಾರವಿಲ್ಲ. ಕೆರೆತಕ್ಕೆ ತಣ್ಣೀರು ಬಟ್ಟೆ, ಕ್ಯಾಲಮೈನ್ ಲೋಶನ್ ಸಾಕು. ಕೆರೆದು ಕೀವಾದರೆ ಡಾಕ್ಟರ ಬಳಿ ಹೋಗಿ.

ಈಗ ದಯವಿಟ್ಟು ಇದೊಂದನ್ನು ಗಮನವಿಟ್ಟು ಓದಿ. ಯಾರಾದರೂ ಗೆಳೆಯರು "ಗೊಬ್ಬರದ ಅಂಗಡಿಯಲ್ಲಿ ಒಂದು ಮಾತ್ರೆ ಸಿಗುತ್ತೆ, ರೂಮಲ್ಲಿಟ್ಟು ಬಾಗಿಲು ಹಾಕಿಕೊಂಡು ಹೋದರೆ ಒಂದೂ ಉಳಿಯಲ್ಲ" ಎನ್ನುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್, ಧಾನ್ಯದ ಗೋದಾಮಿನ ಔಷಧ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಬಿಡುತ್ತದೆ. 3 ಗ್ರಾಂ ಮಾತ್ರೆಯಿಂದ 1 ಗ್ರಾಂ ಅನಿಲ. ಅದು ಬಾಗಿಲ ಸಂದಿಯಿಂದ, ಬಾತ್‌ರೂಮಿನ ಪೈಪಿನಿಂದ ಪಕ್ಕದ ರೂಮಿಗೆ ನುಗ್ಗುತ್ತದೆ. ಇದಕ್ಕೆ ಪ್ರತಿವಿಷ ಎಂಬುದೇ ಇಲ್ಲ. ತಿಗಣೆಗೆಂದು ಇಟ್ಟ ಮಾತ್ರೆಯಿಂದ ಏನೂ ಅರಿಯದ ಪಕ್ಕದ ಕೋಣೆಯವರು ಸತ್ತ ಪ್ರಕರಣಗಳಿವೆ. ಹಾಗೆಯೇ ತಿಗಣೆಗೆ ಹಿಂದೆ ಮನೆಮನೆಯಲ್ಲಿ ಹೊಡೆಯುತ್ತಿದ್ದ ಡೈಕ್ಲೋರ್ವಾಸ್ ಅನ್ನು ಕೇಂದ್ರ ಸರ್ಕಾರ 2018ರ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಯಾರಾದರೂ ಹಳೆಯ ಸ್ಟಾಕ್ ಇದೆ ಎಂದು ತಂದರೆ ಹೊರಗೆ ಕಳಿಸಿ. ಮಂಚಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದೂ ಬೇಡ.

ಓನರ್ ವಿಷಯಕ್ಕೆ ಬರೋಣ. ನೀವೊಬ್ಬರೇ ಹೋದರೆ ಬೈಸಿಕೊಂಡು ಬರುತ್ತೀರಿ. ನಿಮ್ಮ ಮಹಡಿಯ ಎಲ್ಲರ ಹೆಸರು ಹಾಕಿ, ಫೋಟೋ ಸಮೇತ ವಾಟ್ಸಾಪಿನಲ್ಲಿ ಬರೆದು ಕಳಿಸಿ. ಬಾಯಿಮಾತು ಆಮೇಲೆ ಉಳಿಯುವುದಿಲ್ಲ. ಕೇಳಬೇಕಾದದ್ದು ಮೂರು ಸಂಗತಿ. ನಿಮ್ಮ ರೂಮಷ್ಟೇ ಅಲ್ಲದೆ ಅಕ್ಕಪಕ್ಕ, ಮೇಲೆ, ಕೆಳಗಿನ ರೂಮುಗಳಿಗೂ ಪರವಾನಗಿ ಇರುವ ಪೆಸ್ಟ್ ಕಂಟ್ರೋಲ್‌ನವರಿಂದ ಔಷಧ ಹೊಡೆಸಬೇಕು. ಹತ್ತು ಹದಿನೈದು ದಿನ ಬಿಟ್ಟು ಎರಡನೇ ಸಲ ಹೊಡೆಸಲೇಬೇಕು, ಏಕೆಂದರೆ ಮೊದಲ ಸಲ ಉಳಿದ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಯಾವ ಔಷಧ, ಎಷ್ಟು ಗಂಟೆ ಹೊರಗಿರಬೇಕು ಎಂಬುದನ್ನು ಮೊದಲೇ ತಿಳಿಸಬೇಕು. ಪಿಜಿಗೆ ಪಾಲಿಕೆಯ ಲೈಸೆನ್ಸ್ ಬೇಕು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ಸ್ವಚ್ಛತೆ ಮುಂತಾದವನ್ನೆಲ್ಲ ಆಗಿನ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) 2024ರ ಮಾರ್ಗಸೂಚಿಯಲ್ಲಿ ಬರೆದಿತ್ತು. ಆ ಮಾತನ್ನು ಜಗಳದ ದನಿಯಲ್ಲಿ ಎತ್ತಬೇಡಿ, ಸಂದೇಶದ ಕೊನೆಯ ಸಾಲಿನಲ್ಲಿ ಸೌಮ್ಯವಾಗಿ ಸೇರಿಸಿ. ಎಷ್ಟೋ ಓನರ್‌ಗಳಿಗೆ ತಿಗಣೆಗಿಂತ ಆ ಸಾಲು ಹೆಚ್ಚು ಕಚ್ಚುತ್ತದೆ.

ಔಷಧ ಹೊಡೆಯುವ ದಿನ ಪರೀಕ್ಷೆಯ ಹಿಂದಿನ ದಿನ ಆಗದಂತೆ ನೋಡಿಕೊಳ್ಳಿ. ಪುಸ್ತಕಗಳನ್ನು ಪುಟ ಬಿಡಿಸಿ ಒದರಿ, ಬೈಂಡಿನ ಸಂದಿ ನೋಡಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿಡಿ.

ಊರಿಗೆ ಹೋಗುವುದಾದರೆ ಡ್ರೈಯರ್ ಕಂಡ ಬಟ್ಟೆ ಮಾತ್ರ ತೆಗೆದುಕೊಳ್ಳಿ, ಅದನ್ನೂ ಗಂಟು ಹಾಕಿದ ಕವರಿನಲ್ಲಿ. ಮನೆ ತಲುಪಿದ ಮೇಲೆ ಬ್ಯಾಗನ್ನು ಮಂಚದ ಮೇಲೆ ಇಡದೆ ಹಿತ್ತಲಿನಲ್ಲೇ ಬಿಚ್ಚಿ, ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ. ಅಮ್ಮನಿಗೆ ವಿಷಯ ಹೇಳಿಬಿಡಿ, ಮುಚ್ಚಿಟ್ಟರೆ ಆಮೇಲೆ ಮನೆಯ ಹಾಸಿಗೆಗಳನ್ನೆಲ್ಲ ಒಗೆಯುವ ಪಾಳಿ ನಿಮ್ಮದೇ.

ಜಿರಳೆ ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಅದು ಸುಲಭ. ಅಡುಗೆಮನೆಯ, ಕಬೋರ್ಡಿನ ಮೂಲೆಗಳಲ್ಲಿ ಜೆಲ್ ಔಷಧವನ್ನು ಸಾಸಿವೆಯಷ್ಟು ಇಡಿ, ಅದರ ಹತ್ತಿರ ಸ್ಪ್ರೇ ಹೊಡೆಯಬೇಡಿ, ಹೊಡೆದರೆ ಜೆಲ್ ತಿನ್ನಲು ಬರುವುದಿಲ್ಲ. ತಟ್ಟೆ ರಾತ್ರಿಯೇ ತೊಳೆಯಿರಿ.

ಎರಡು ಸಲ ಔಷಧ ಹೊಡೆಸಿ, ಮೂರು ನಾಲ್ಕು ವಾರ ಕಳೆದ ಮೇಲೂ ತಿಳಿಬಣ್ಣದ ಬೆಡ್‌ಶೀಟಿನಲ್ಲಿ ಹೊಸ ಕಪ್ಪು ಚುಕ್ಕಿ ಕಾಣಿಸುತ್ತಿದ್ದರೆ, ಅಥವಾ ಓನರ್ ಒಂದೇ ಸಲ ಹೊಡೆಸಿ ಕೈತೊಳೆದುಕೊಂಡರೆ, ಆಗ ಪಿಜಿ ಬಿಡಿ. ಆದರೆ ಪಿಜಿಯನ್ನೇ ಬಿಡಿ, ಅಲ್ಲೇ ಇನ್ನೊಂದು ರೂಮಿಗಲ್ಲ. ನೋಟಿಸ್ ಅವಧಿ, ಅಡ್ವಾನ್ಸ್‌ನಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಮೊದಲು ಲೆಕ್ಕ ಹಾಕಿ. ಹೊಸ ಜಾಗಕ್ಕೆ ಅಡ್ವಾನ್ಸ್ ಕೊಡುವ ಮೊದಲು ವೈಫೈ, ಊಟದ ಮೆನು ಕೇಳುವ ಹೊತ್ತಿನಲ್ಲೇ ಹಾಸಿಗೆ ಸರಿಸಿ ಹಲಗೆ ಎತ್ತಿ ನೋಡಿ. ನೋಡಲು ಬಿಡದಿದ್ದರೆ ಮುಂದಿನ ಪಿಜಿಗೆ ನಡೆಯಿರಿ, ಆ ಬೀದಿಯಲ್ಲೇ ಇನ್ನೂ ನಾಲ್ಕಾದರೂ ಇರುತ್ತವೆ.