ಲುಬ್ಲಿನ್ ಶೈಲಿಯು ಇಟಲಿಯ ನಕಲೇ?

ಪೋಲೆಂಡಿನ ಲುಬ್ಲಿನ್ ಸೀಮೆಯ ಚರ್ಚುಗಳನ್ನೂ ಮನೆಗಳನ್ನೂ ‘ಲುಬ್ಲಿನ್ ಪುನರುಜ್ಜೀವನ ಶೈಲಿ’ ಎಂಬ ಒಂದೇ ಹೆಸರಿನಲ್ಲಿ ಸೇರಿಸುವುದೇಕೆ, ಅದು ಇಟಲಿಯ ನಕಲಲ್ಲವೇ ಎಂದು ಕೇಳಿದ್ದೀರಿ. ನಕಲು ಎನ್ನುವುದನ್ನು ನಾನು ಒಪ್ಪುವುದಿಲ್ಲ. 16ನೇ ಶತಮಾನದ ಕೊನೆಯಿಂದ 17ನೇ ಶತಮಾನದ ಪೂರ್ವಾರ್ಧದವರೆಗೆ ಇಲ್ಲಿ ದುಡಿದ ಮೇಸ್ತ್ರಿಗಳಲ್ಲಿ ಇಟಲಿಯಿಂದ ಬಂದವರು ಅನೇಕರಿದ್ದರೂ, ಕಟ್ಟಡದ ಮೈಕಟ್ಟು ಮಾತ್ರ ಮಧ್ಯಯುಗದ ಯುರೋಪಿನ ಹಳೆಯ ಗಾಥಿಕ್ ರೂಢಿಯದಾಗಿಯೇ ಉಳಿಯಿತು.

ಚರ್ಚುಗಳನ್ನೇ ನೋಡಿ: ಕಂಬಸಾಲುಗಳಿಲ್ಲದ ಒಂದೇ ಉದ್ದನೆಯ ಸಭಾಂಗಣ, ಅದಕ್ಕಿಂತ ಕಿರಿದಾದ, ಅರ್ಧವೃತ್ತದಲ್ಲಿ ಮುಗಿಯುವ ಬಲಿಪೀಠದ ಭಾಗ, ಕಡಿದಾದ ಇಳಿಜಾರು ಮಾಡು, ಎತ್ತರದ ತ್ರಿಕೋನ ಗೋಡೆ. ಹೊರಗಿನಿಂದ ಇವು ಸಾದಾ ಕಟ್ಟಡಗಳು. ಶೈಲಿಯ ನಿಜವಾದ ಗುರುತು ಒಳಗೆ, ತಲೆ ಎತ್ತಿದಾಗ ಕಾಣುತ್ತದೆ. ಕಮಾನು ಚಾವಣಿಯ ಮೇಲೆ ಗಾರೆಯಿಂದ ಎಳೆದ ಉಬ್ಬುಪಟ್ಟಿಗಳು ವೃತ್ತ, ಹೃದಯ, ನಕ್ಷತ್ರಗಳ ಆಕಾರದಲ್ಲಿ ಒಂದನ್ನೊಂದು ಹೆಣೆದುಕೊಂಡು ಬಲೆಯಂತೆ ಹರಡಿರುತ್ತವೆ. ಗಾಥಿಕ್ ಚಾವಣಿಯಲ್ಲಿ ಭಾರ ಹೊರುತ್ತಿದ್ದ ಪಟ್ಟಿಗಳ ನೆನಪು ಇವುಗಳಲ್ಲಿದೆಯಾದರೂ ಇವು ಯಾವ ಭಾರವನ್ನೂ ಹೊರುವುದಿಲ್ಲ, ಬರಿಯ ಅಲಂಕಾರ. ನನ್ನ ಪ್ರಕಾರ ಈ ಶೈಲಿಯ ಸ್ವಂತಿಕೆ ಇರುವುದು ಇಲ್ಲಿಯೇ. ಕಾಜಿಮಿಯೆಜ್ ದೊಲ್ನಿ ಪಟ್ಟಣದಲ್ಲಿ ಮೇಸ್ತ್ರಿ ಯಾಕುಬ್ ಬಾಲಿನ್ 1610ರಿಂದ 1613ರ ಅವಧಿಯಲ್ಲಿ ಹೊಸ ರೂಪ ಕೊಟ್ಟ ಚರ್ಚು ಇದಕ್ಕೆ ಒಳ್ಳೆಯ ಉದಾಹರಣೆ.

ಮನೆಗಳಲ್ಲಿ ಅದೇ ಗಾರೆಯ ಕೈಚಳಕ ಬೀದಿಯ ಕಡೆಯ ಗೋಡೆಗೆ ಬಂತು. ವಿಸ್ಟುಲಾ ನದಿಯ ಮೂಲಕ ಗ್ಡಾನ್ಸ್ಕ್ ಬಂದರಿಗೆ ಧಾನ್ಯ ಸಾಗಿಸಿ ಸಿರಿವಂತರಾದ ಕಾಜಿಮಿಯೆಜ್‌ನ ವರ್ತಕರಿಗೆ ತಮ್ಮ ಸಂಪತ್ತು ಸಂತೆಯ ಚೌಕಕ್ಕೆ ಕಾಣಬೇಕಿತ್ತು. ಪ್ಶಿಬಿವಾ ಸಹೋದರರಾದ ಮಿಕೊವಾಯ್ ಮತ್ತು ಕ್ಶಿಷ್ತೊಫ್ 1615ರ ಸುಮಾರಿಗೆ ಕಟ್ಟಿಸಿದ ಜೋಡಿ ಮನೆಗಳ ಮುಂಭಾಗದಲ್ಲಿ, ಅವರವರ ಹೆಸರಿನ ಸಂತರಾದ ನಿಕೋಲಸ್ ಹಾಗೂ ಕ್ರಿಸ್ಟೋಫರ್ ಉಬ್ಬುಶಿಲ್ಪಗಳಾಗಿ ನಿಂತಿದ್ದಾರೆ. (ಭಕ್ತಿ ಎಷ್ಟು, ಮೆರೆದಾಟ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.) ಮೇಲ್ತುದಿಯಲ್ಲಿ ಮಾಡನ್ನು ಮರೆಮಾಡುವಂತೆ ಎದ್ದಿರುವ ಅಲಂಕೃತ ಗೋಡೆಗೆ ಪೋಲಿಷ್‌ನಲ್ಲಿ ‘ಅತ್ತಿಕಾ’ ಎನ್ನುತ್ತಾರೆ. ಬೆಂಕಿ ಒಂದು ಮಾಡಿನಿಂದ ಇನ್ನೊಂದಕ್ಕೆ ಹಬ್ಬದಂತೆ ತಡೆಯುವ ಉಪಯೋಗವೂ ಅದಕ್ಕಿತ್ತು. ಅದೇ ಊರಿನ ತ್ಸೆಲೆಯ್ ಮನೆಯಲ್ಲಂತೂ ಕಣ್ಣು ಮೊದಲು ಹೋಗುವುದು ಈ ಅತ್ತಿಕಾದ ಕಡೆಗೇ.

ಹತ್ತಿರದ ಜಾಮೊಶ್ಚ್ ನಗರವನ್ನು ಇದರೊಂದಿಗೆ ಬೆರೆಸಬೇಡಿ. ಇಟಲಿಯ ಪಾದುವಾದ ವಾಸ್ತುಶಿಲ್ಪಿ ಬೆರ್ನಾರ್ದೊ ಮೊರಾಂದೊ ಪೋಲೆಂಡಿನ ಪ್ರಬಲ ಮಂತ್ರಿ ಯಾನ್ ಜಾಮೊಯ್ಸ್ಕಿಗಾಗಿ 1580ರಿಂದ ರೂಪಿಸಿದ ಆ ನಗರದಲ್ಲಿ ಬೀದಿ, ಚೌಕ, ಕೋಟೆಗಳೆಲ್ಲ ಒಂದೇ ಯೋಜನೆಯ ಭಾಗಗಳು. ಇಟಲಿಯ ನೇರ ಪ್ರಭಾವವನ್ನು ಹುಡುಕುವವರು ಹೋಗಬೇಕಾದದ್ದು ಅಲ್ಲಿಗೆ.