ಕಷಾಯಕ್ಕಿಂತ ಮೊದಲು ದಿನಗಳ ಲೆಕ್ಕ

ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವಳು, ವಯಸ್ಸು 33. ಮಗು ಬೇಕೆಂದು ಪ್ರಯತ್ನಿಸಲು ತೊಡಗಿ ಎರಡು ವರ್ಷವಾಗುತ್ತ ಬಂತು. ಮುಟ್ಟು 35ರಿಂದ 37 ದಿನಕ್ಕೊಮ್ಮೆ ಬರುತ್ತದೆ. ಎತ್ತರ 5 ಅಡಿ 2 ಅಂಗುಲ, ತೂಕ 71 ಕಿಲೊ. ಹದಿನಾಲ್ಕನೆಯ ದಿನ ಮುಖ್ಯವೆಂದು ಎಲ್ಲರೂ ಹೇಳುವುದರಿಂದ 12ರಿಂದ 15ನೆಯ ದಿನದವರೆಗೆ ತಪ್ಪದೆ ಸೇರುತ್ತೇವೆ. ಅತ್ತೆಯವರು ಪರಿಚಿತರೊಬ್ಬರಿಂದ ತರಿಸಿಕೊಟ್ಟ ಕಷಾಯವನ್ನು ಎಂಟು ತಿಂಗಳಿಂದ ಕುಡಿಯುತ್ತಿದ್ದೇನೆ. ಜೊತೆಗೆ ಅಶ್ವಗಂಧ, ಶತಾವರಿ ಪುಡಿಗಳೂ ಇವೆ. ನಮ್ಮ ಮನೆಯವರು ಅಡಿಕೆ ತೋಟ ನೋಡಿಕೊಳ್ಳುತ್ತಾರೆ, ಕವಳಕ್ಕೆ (ಎಲೆಅಡಿಕೆಗೆ) ತಂಬಾಕು ಹಾಕುವ ಅಭ್ಯಾಸವಿದೆ. ಅವರು ಯಾವ ಪರೀಕ್ಷೆಯನ್ನೂ ಮಾಡಿಸಿಲ್ಲ. ಆಸ್ಪತ್ರೆಯ ಗೋಜಿಲ್ಲದೆ, ಸಹಜ ಕ್ರಮದಿಂದಲೇ ಗರ್ಭ ನಿಲ್ಲುವಂತೆ ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕಷಾಯವಲ್ಲ, ಆ ಹದಿನಾಲ್ಕನೆಯ ದಿನ. ಅದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ಅಂಡಾಣು ಬಿಡುಗಡೆಯಾಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲೇ ಹೊರತು, ಹಿಂದಿನ ಮುಟ್ಟಾಗಿ 14 ದಿನಕ್ಕಲ್ಲ. ಆದ್ದರಿಂದ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ನಿಮ್ಮಲ್ಲಿ ಅದು ಹೆಚ್ಚುಕಡಿಮೆ 21ರಿಂದ 23ನೆಯ ದಿನಕ್ಕೆ ಬೀಳುತ್ತದೆ. ವೀರ್ಯಾಣು ಗರ್ಭಕೋಶ ಮತ್ತು ಗರ್ಭನಾಳಗಳಲ್ಲಿ ಹೆಚ್ಚೆಂದರೆ ಐದು ದಿನ ಬದುಕಬಲ್ಲದು, ಅಂಡಾಣುವಿನ ಆಯುಸ್ಸು ಮಾತ್ರ 12ರಿಂದ 24 ಗಂಟೆ. ಅಂದರೆ ನೀವು ಶ್ರದ್ಧೆಯಿಂದ ಪಾಲಿಸಿದ ದಿನಗಳೆಲ್ಲ ಒಂದು ವಾರ ಮುಂಚಿನವು. ಫಲವತ್ತಾದ ದಿನಗಳು ಬರುವ ಹೊತ್ತಿಗೆ ನೀವು ಈ ತಿಂಗಳ ಕೆಲಸ ಮುಗಿಯಿತೆಂದು ಸುಮ್ಮನಾಗಿದ್ದೀರಿ. ಇನ್ನು ಮುಂದೆ 15ನೆಯ ದಿನದಿಂದ 24ರವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು, ಗಡಿಯಾರ ನೋಡುವ ಅಗತ್ಯವಿಲ್ಲ. ದೇಹವೂ ಸೂಚನೆ ಕೊಡುತ್ತದೆ: ಅಂಡಾಣು ಬಿಡುಗಡೆಯಾಗುವ ಎರಡು ಮೂರು ದಿನ ಮೊದಲು ಯೋನಿಯ ಸ್ರಾವವು ತಿಳಿಯಾಗಿ, ಜಾರುವಂತಾಗಿ, ಎರಡು ಬೆರಳುಗಳ ನಡುವೆ ಎಳೆದರೆ ಮೊಟ್ಟೆಯ ಬಿಳಿಯ ಲೋಳೆಯಂತೆ ದಾರವಾಗುತ್ತದೆ. ಆ ಸ್ರಾವ ಕಂಡ ದಿನಗಳನ್ನು ಬಿಡಬಾರದು. ಬೆಳಗಿನ ಮೈಶಾಖವನ್ನು ಬರೆದಿಡುವ ಕ್ರಮವೂ ಉಂಟು. ಆದರೆ ಶಾಖ ಏರುವುದು ಅಂಡಾಣು ಬಿಡುಗಡೆಯಾದ ಮೇಲಾದುದರಿಂದ ಆ ತಿಂಗಳ ಮಟ್ಟಿಗೆ ಅದು ತಡವಾಗಿ ಬಂದ ಸುದ್ದಿ.

ತೂಕದ ವಿಷಯವನ್ನು ಮುಚ್ಚಿಡದೆ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಎತ್ತರಕ್ಕೆ ಇದು ಹೆಚ್ಚು, ಮುಟ್ಟಿನ ಅಂತರವೂ ದೀರ್ಘವಾಗಿದೆ. ಎರಡೂ ಕೂಡಿದಾಗ ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ಸ್ಥಿತಿ) ಅಥವಾ ಥೈರಾಯ್ಡ್ ತೊಂದರೆ ಇದೆಯೇ ಎಂದು ನೋಡಬೇಕಾಗುತ್ತದೆ. ಪಿಸಿಒಎಸ್ ಇದ್ದವರಲ್ಲಿ ತೂಕ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಎಷ್ಟೋ ಬಾರಿ ಅಂಡಾಣು ಬಿಡುಗಡೆ ತಾನಾಗಿ ಸರಿಹೋಗುತ್ತದೆ. ನಿಮ್ಮ ಮಟ್ಟಿಗೆ ಅದು ಮೂರೂವರೆಯಿಂದ ಏಳು ಕಿಲೊ. ಸಹಜ ಕ್ರಮ ಎಂಬ ಮಾತಿಗೆ ಇದಕ್ಕಿಂತ ಒಪ್ಪುವ ಉದಾಹರಣೆ ನನಗೆ ತೋರುವುದಿಲ್ಲ. ರಾತ್ರಿಯ ಅನ್ನವನ್ನು ಅರ್ಧಕ್ಕಿಳಿಸಿ ಕಾಳು, ಪಲ್ಯ ಹೆಚ್ಚಿಸುವುದು, ಬೆಲ್ಲದ ಕಾಫಿಯನ್ನು ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸುವುದು ಮತ್ತು ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯುವುದು ಇದಕ್ಕೆ ದಾರಿ. ಒಂದೆಲಗದ ತಂಬುಳಿಯನ್ನು ಊಟಕ್ಕೆ ಧಾರಾಳವಾಗಿ ಮಾಡಿಕೊಳ್ಳಿ, ಆದರೆ ಅದನ್ನು ಔಷಧವೆಂದು ನೆಚ್ಚಬೇಡಿ. ಫೋಲಿಕ್ ಆಮ್ಲವನ್ನು ಮಾತ್ರ ಸೊಪ್ಪಿನ ಪಾಲಿಗೆ ಬಿಡಬಾರದು. ದಿನಕ್ಕೆ 400 ಮೈಕ್ರೋಗ್ರಾಂನಂತೆ ಗರ್ಭ ನಿಲ್ಲುವ ಒಂದು ತಿಂಗಳ ಮೊದಲಿನಿಂದಲಾದರೂ ಮಾತ್ರೆಯಾಗಿಯೇ ತೆಗೆದುಕೊಳ್ಳಬೇಕು, ಏಕೆಂದರೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಾಳವು ಗರ್ಭ ನಿಂತ 28 ದಿನಗಳ ಸುಮಾರಿಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ ವಿಷಯ ಖಚಿತವಾಗುವ ಹೊತ್ತಿಗೆ ಆ ಕಾಲದಲ್ಲಿ ಅರ್ಧವಾದರೂ ಕಳೆದಿರುತ್ತದೆ.

ಇನ್ನು ಕಷಾಯ. ಅತ್ತೆಯವರ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಆದರೆ ಏನೇನು ಹಾಕಿದ್ದಾರೆಂದು ಕೊಟ್ಟವರು ಬರೆದುಕೊಡಲಾರದ ಬಾಟಲಿಯಿಂದ ಒಂದು ಚಮಚವನ್ನೂ ಕುಡಿಯಬೇಡಿ. ಗೊತ್ತುಗುರಿಯಿಲ್ಲದ ಕೆಲವು ಔಷಧಗಳಲ್ಲಿ ಸೀಸ, ಪಾದರಸ ಸಿಕ್ಕಿರುವುದುಂಟು. ಸೀಸವು ಗರ್ಭದಲ್ಲಿರುವ ಶಿಶುವಿನ ಮಿದುಳಿಗೆ ಹಾನಿಕರ. ಅಶ್ವಗಂಧವು ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ, ಗರ್ಭಿಣಿಯರಿಗಂತೂ ಅದು ಸಲ್ಲದು. ಪ್ರತಿ ತಿಂಗಳ ಉತ್ತರಾರ್ಧದಲ್ಲಿ ನೀವು ಗರ್ಭಿಣಿಯಾಗಿರಬಹುದಾದ್ದರಿಂದ ಅದನ್ನು ಈಗಲೇ ನಿಲ್ಲಿಸುವುದು ಲೇಸು. ಶತಾವರಿಯನ್ನು ನಮ್ಮವರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ, ಆದರೆ ಅದರಿಂದ ಗರ್ಭ ನಿಲ್ಲುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಬೇಕೆನಿಸಿದರೆ ಓದಿದ ಆಯುರ್ವೇದ ವೈದ್ಯರನ್ನು ಕಂಡು, ಅವರು ಕೊಟ್ಟದ್ದನ್ನು ನಿಮ್ಮ ಸ್ತ್ರೀರೋಗ ತಜ್ಞರಿಗೂ ತೋರಿಸಿ.

ನಿಮ್ಮ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋದ ಸಂಗತಿಗೆ ಈಗ ಬರುತ್ತೇನೆ. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣ ಒಂಟಿಯಾಗಿಯೋ ಹೆಣ್ಣಿನ ಕಾರಣದ ಜೊತೆಗೋ ಇರುತ್ತದೆ. ಹಾಗಿದ್ದೂ ಕಷಾಯ ಕುಡಿಯುವವಳು ಸೊಸೆ, ಹರಕೆ ಹೊರುವವಳು ಸೊಸೆ, ಮದುವೆಮನೆಯಲ್ಲಿ ‘ಏನಾದರೂ ವಿಶೇಷ ಉಂಟಾ?’ ಎಂಬ ಪ್ರಶ್ನೆಗೆ ನಕ್ಕು ಮುಂದೆ ಸಾಗಬೇಕಾದವಳೂ ಸೊಸೆ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ಅರಿವಳಿಕೆ ಬೇಡ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಶೇಕಡಾ 42ರಷ್ಟು ಚಲನೆ ಎಂಬುದು ಕೆಳಗಿನ ಮಿತಿ. ಇದಕ್ಕಿಂತ ಕಡಿಮೆ ಬಂದರೆ ಎದೆಗುಂದದೆ ಇನ್ನೊಮ್ಮೆ ಪರೀಕ್ಷಿಸಬೇಕು. ತಂಬಾಕು ವೀರ್ಯಾಣುಗಳ ಸಂಖ್ಯೆಗೂ ಚಲನೆಗೂ ಕೆಡುಕು, ಅದನ್ನು ಸೇದಿದರೂ ಅಗಿದರೂ ಅಷ್ಟೆ. ಊಟವಾದ ಮೇಲೆ ಕವಳದ ಬಟ್ಟಲು ಮುಂದೆ ಬರುವ ಮನೆಯಲ್ಲಿ ಇದನ್ನು ಬಿಡುವುದು ಎಷ್ಟು ಕಷ್ಟವೆಂದು ಬಲ್ಲೆ. ಅಡಿಕೆ ಬೆಳೆಯುವವರ ಮುಂದೆ ಹೇಳಲು ಸಂಕೋಚವಾದರೂ, ಬಾಯಿಯ ಕ್ಯಾನ್ಸರಿಗೆ ಅಡಿಕೆಯೂ ಕಾರಣವೆಂಬುದನ್ನು ಇಲ್ಲಿ ಸೇರಿಸಲೇಬೇಕು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ದೀಪಾವಳಿಗೆ ತಂಬಾಕು ಬಿಟ್ಟರೆ ಅದರ ಫಲ ಶಿವರಾತ್ರಿಯ ಹೊತ್ತಿಗೆ ಕಾಣಬಹುದು. ವೃಷಣಗಳು ಮೈಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಆದ್ದರಿಂದ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಗಂಟೆಗಟ್ಟಲೆ ಕೂರುವ ಕೆಲಸವನ್ನು ಕೆಲವು ತಿಂಗಳು ಬೇರೆಯವರು ವಹಿಸಿಕೊಳ್ಳಲಿ. ಕಳೆನಾಶಕ, ಕೀಟನಾಶಕ ಹೊಡೆಯುವಾಗ ಕೈಗವಸು, ಮುಖಗವಸು ತಪ್ಪಬಾರದು.

‘ಚಿಂತೆ ಬಿಟ್ಟರೆ ತಾನಾಗಿ ಆಗುತ್ತದೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಯೋಗ, ಪ್ರಾಣಾಯಾಮಗಳು ನಿದ್ದೆಗೆ, ನೆಮ್ಮದಿಗೆ ಒಳ್ಳೆಯವು, ಮಾಡಿ. ಆದರೆ ಮುಚ್ಚಿದ ಗರ್ಭನಾಳವನ್ನು ಯಾವ ಆಸನವೂ ತೆರೆಯಲಾರದು, ನಮ್ಮ ದೇಶದಲ್ಲಿ ಕ್ಷಯರೋಗವು ಸದ್ದಿಲ್ಲದೆ ಆ ನಾಳಗಳನ್ನು ಮುಚ್ಚುವುದುಂಟು. 35 ದಾಟದವರು ಒಂದು ವರ್ಷ, ದಾಟಿದವರು ಆರು ತಿಂಗಳು ಪ್ರಯತ್ನಿಸಿ ವೈದ್ಯರನ್ನು ಕಾಣಬೇಕೆಂಬುದು ರೂಢಿಯ ನಿಯಮ. ನೀವು ಆ ಗಡುವನ್ನು ದಾಟಿಯಾಗಿದೆ, ಆದ್ದರಿಂದ ಮೇಲಿನದೆಲ್ಲವನ್ನೂ ಈ ತಿಂಗಳೇ ಆರಂಭಿಸಿ, ಈ ತಿಂಗಳೇ ಇಬ್ಬರೂ ಒಟ್ಟಿಗೆ ಪರೀಕ್ಷೆಗೂ ಹೋಗಿ.

ಪ್ರಶ್ನೆ: ನಾವು ಕಾರವಾರದವರು. ಮದುವೆಯಾಗಿ ನಾಲ್ಕು ತಿಂಗಳಾಗಿದ್ದು ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ಮೀನು, ಏಡಿ, ಪಪ್ಪಾಯಿ ಉಷ್ಣವಾದ್ದರಿಂದ ಗರ್ಭ ನಿಲ್ಲುವುದಿಲ್ಲ ಎಂದು ಅಮ್ಮ ನನ್ನ ಹೆಂಡತಿಗೆ ಎಲ್ಲವನ್ನೂ ಬಿಡಿಸಿದ್ದಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ತಾರ್ಲೆ, ಬಂಗಡೆಯಂತಹ ಸಣ್ಣ ಮೀನುಗಳಲ್ಲಿ ಒಮೆಗಾ-3 ಕೊಬ್ಬು, ಬಿ12, ಅಯೋಡಿನ್ ಇರುತ್ತವೆ. ವಾರಕ್ಕೆ ಎರಡು ಮೂರು ಬಾರಿ ಸಾರು ಮಾಡಿಕೊಂಡು ಉಣ್ಣಲಿ. ಇತರ ಮೀನುಗಳನ್ನು ತಿಂದು ಬೆಳೆಯುವ ಮೋರಿ (ಶಾರ್ಕ್) ಮುಂತಾದ ದೊಡ್ಡ ಮೀನುಗಳಲ್ಲಿ ಪಾದರಸ ಶೇಖರಗೊಳ್ಳುವುದರಿಂದ ಅವನ್ನು ಮಾತ್ರ ಬಿಡುವುದು ಒಳಿತು. ಏಡಿ, ತಿಸ್ರೆಗಳು (ಚಿಪ್ಪುಮೀನು) ಚೆನ್ನಾಗಿ ಬೆಂದಿರಬೇಕು. ಪೂರ್ತಿ ಹಣ್ಣಾದ ಪಪ್ಪಾಯಿಯಿಂದ ತೊಂದರೆಯಿಲ್ಲ. ನಾಲ್ಕು ತಿಂಗಳೆಂಬುದು ಗಾಬರಿಯಾಗುವ ಅವಧಿಯೂ ಅಲ್ಲ. ಅಮ್ಮನೊಡನೆ ವಾದಕ್ಕಿಳಿಯುವುದಕ್ಕಿಂತ ನಾಳೆ ಪೇಟೆಯಿಂದ ನೀವೇ ತಾರ್ಲೆ ತಂದು, ಎಲ್ಲರಿಗೂ ಒಂದೇ ಸಾರು ಮಾಡಿಸಿ.